ಕುರುಂಬಾ ಮತ್ತು ಅದನ್ನು ನಡೆಸುವ ಕಂಪನಿ: ದಾವಣಗೆರೆಯಿಂದ ಮಾಲ್ಡೀವ್ಸ್‌ಗೆ ಹೊರಡುವವರಿಗಾಗಿ ಒಂದು ವಿಮರ್ಶೆ

ದಾವಣಗೆರೆಯ ಟ್ರಾವೆಲ್ ಕಚೇರಿಗಳಿಗೆ ಹೋಗಿ ಮಾಲ್ಡೀವ್ಸ್ ಎಂದು ಬಾಯಿ ತೆರೆದರೆ ಮೊದಲು ಎದುರಿಗೆ ಬರುವುದು ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ವಿಲ್ಲಾದ ಚಿತ್ರ, ಅದರ ಹಿಂದೆಯೇ ಪ್ಯಾಕೇಜಿನ ದರ. ದ್ವೀಪವನ್ನು ನಡೆಸುವವರು ಯಾರು, ಎಷ್ಟು ವರ್ಷಗಳಿಂದ ನಡೆಸುತ್ತಿದ್ದಾರೆ, ಅಲ್ಲಿ ನೀರು, ಅನ್ನ, ವಿದ್ಯುತ್ತು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆಗಳನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದದ್ದು ಇವನ್ನೇ. ಆದ್ದರಿಂದ ಮಾಲ್ಡೀವ್ಸ್‌ನ ಮೊತ್ತಮೊದಲ ರೆಸಾರ್ಟ್ ಆದ ಕುರುಂಬಾವನ್ನೂ ಅದನ್ನು ನಡೆಸುವ ಯೂನಿವರ್ಸಲ್ ಎಂಬ ಕಂಪನಿಯನ್ನೂ ಒಟ್ಟಿಗೆ ಇಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ. ನಮ್ಮ ಕುಟುಂಬ ಅಲ್ಲಿ ತಂಗಿತ್ತು. ಅಲ್ಲಿ ಕಂಡದ್ದರ ಜೊತೆಗೆ ಆ ವ್ಯಾಪಾರ ನಡೆಯುವ ಬಗೆಯನ್ನೂ ಹೇಳದಿದ್ದರೆ, ಇಷ್ಟು ದೊಡ್ಡ ಮೊತ್ತ ಖರ್ಚು ಮಾಡಲು ಹೊರಟವರಿಗೆ ಈ ಬರಹ ಅರ್ಧವೇ ಉಪಯೋಗವಾದೀತು.

1972ರ ಆರಂಭದಲ್ಲಿ ಇಟಲಿಯ ಪ್ರವಾಸ ವ್ಯವಸ್ಥಾಪಕ ಜಾರ್ಜ್ ಕಾರ್ಬಿನ್ ತನ್ನ ದೇಶದ ಸಣ್ಣ ಗುಂಪೊಂದನ್ನು ಮಾಲ್ಡೀವ್ಸ್‌ಗೆ ಕರೆತಂದಾಗ ರಾಜಧಾನಿ ಮಾಲೆಯಲ್ಲಿ ಪ್ರವಾಸಿಗರಿಗೆಂದು ಒಂದು ಹೋಟೆಲೂ ಇರಲಿಲ್ಲ. ಬಂದವರನ್ನು ಸ್ಥಳೀಯರ ಮನೆಗಳಲ್ಲೇ ಇಳಿಸಿಕೊಂಡು ಉಪಚರಿಸಿದ ಯುವಕರಲ್ಲಿ ಮೊಹಮದ್ ಉಮರ್ ಮಾನಿಕು ಮತ್ತು ಅಹ್ಮದ್ ನಸೀಮ್ ಪ್ರಮುಖರು. ಈ ದ್ವೀಪಗಳು ಪ್ರವಾಸೋದ್ಯಮಕ್ಕೆ ಒಗ್ಗುವುದಿಲ್ಲವೆಂದು ವಿಶ್ವಸಂಸ್ಥೆಯ ತಜ್ಞರು ಅಷ್ಟರಲ್ಲಾಗಲೇ ಅಭಿಪ್ರಾಯ ಕೊಟ್ಟಿದ್ದರು. ಬ್ಯಾಂಕಿಲ್ಲ, ಹೊರದೇಶಕ್ಕೆ ದೂರವಾಣಿಯಿಲ್ಲ, ವಿಮಾನ ನಿಲ್ದಾಣ ಎಂದರೆ ಹುಲುಲೆ ದ್ವೀಪದ ಮೇಲಿನ ಒಂದು ಸಾಧಾರಣ ಓಡುದಾರಿ, ಅಷ್ಟೇ. ಇಂಥ ಸ್ಥಿತಿಯಲ್ಲಿ ಈ ಯುವಕರು ವಿಹಮನಾಫುಷಿ ಎಂಬ ತೆಂಗಿನ ದ್ವೀಪದಲ್ಲಿ ಹವಳದ ಕಲ್ಲಿನ ಗೋಡೆ ಎಬ್ಬಿಸಿ, ತೆಂಗಿನ ಗರಿ ಹೊದಿಸಿ, ಮೂವತ್ತು ಕೊಠಡಿಗಳನ್ನು ಕಟ್ಟಿ 1972ರ ಅಕ್ಟೋಬರ್ 3ರಂದು ಕುರುಂಬಾ ವಿಲೇಜ್ ಎಂಬ ಹೆಸರಿನಲ್ಲಿ ಬಾಗಿಲು ತೆರೆದರು. ಅದೇ ವರ್ಷ ಬಂಡೋಸ್ ದ್ವೀಪದಲ್ಲೂ ಇನ್ನೊಂದು ರೆಸಾರ್ಟ್ ಶುರುವಾಯಿತು. ಆ ವರ್ಷ ಇಡೀ ದೇಶಕ್ಕೆ ಬಂದ ಪ್ರವಾಸಿಗರು ಸಾವಿರದ ಆಸುಪಾಸು. 2024ರಲ್ಲಿ ಬಂದವರು 20 ಲಕ್ಷಕ್ಕೂ ಹೆಚ್ಚು.

ಮೊದಲ ರೆಸಾರ್ಟ್ ಎಂಬ ಹಿರಿಮೆಗಿಂತ ಅದು ಇಂದಿಗೂ ನಡೆಯುತ್ತಿದೆ ಎಂಬುದೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ನಮ್ಮದು ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ಊರು, ಅವು ಒಂದೊಂದಾಗಿ ಬಾಗಿಲು ಹಾಕಿದ್ದನ್ನೂ ಕಂಡ ಊರು. ಯಂತ್ರ ಹಳತಾದಾಗ ಹೊಸದಕ್ಕೆ ಹಣ ಹಾಕದಿದ್ದರೆ ಎಂಥ ಉದ್ಯಮವೂ ಉಳಿಯುವುದಿಲ್ಲವೆಂದು ಇಲ್ಲಿಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕುರುಂಬಾದ ಆ ಹವಳಗಲ್ಲಿನ ಕೋಣೆಗಳು ಇಂದು ಇಲ್ಲ. ಮೂವತ್ತರ ಜಾಗದಲ್ಲಿ ಈಗ ಸುಮಾರು 180 ಕೊಠಡಿಗಳು ಮತ್ತು ವಿಲ್ಲಾಗಳಿವೆ. 2004ರ ಡಿಸೆಂಬರಿನ ಸುನಾಮಿಯನ್ನು ಆ ದೇಶ ಕಂಡಿತು. 2020ರ ಮಾರ್ಚ್‌ನಿಂದ ಜುಲೈ ಮಧ್ಯದವರೆಗೆ ಗಡಿಯನ್ನೇ ಮುಚ್ಚಿ ಕುಳಿತಿತು. ಇವೆಲ್ಲವನ್ನೂ ದಾಟಿ ಬಂದ ಕಂಪನಿಯ ಕೈಯಲ್ಲಿ ಇಂದು ಬಾರೋಸ್, ಕುರಮತಿ, ವೆಲಾಸ್ಸರು, ಮಿಲೈಧೂ ಮುಂತಾದ ದ್ವೀಪಗಳಿವೆ. ಫುರನಾಫುಷಿ ದ್ವೀಪವನ್ನು ಶೆರಟಾನ್ ಎಂಬ ಅಂತರರಾಷ್ಟ್ರೀಯ ಹೆಸರಿನಲ್ಲಿ ನಡೆಸಲು ಕೊಟ್ಟು, ಉಳಿದ ಹೆಚ್ಚಿನವನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡಿರುವುದು ಈ ಕಂಪನಿಯ ಆತ್ಮವಿಶ್ವಾಸವನ್ನು ತೋರಿಸುತ್ತದೆ. ಮಾಲ್ಡೀವ್ಸ್‌ನ ಅನೇಕ ಹೊಸ ರೆಸಾರ್ಟ್‌ಗಳಲ್ಲಿ ಒಡೆಯರು ಒಬ್ಬರು, ನಡೆಸುವವರು ಇನ್ನೊಬ್ಬರು, ಫಲಕದ ಮೇಲಿನ ಹೆಸರು ಮೂರನೆಯವರದು. ಕುರುಂಬಾದಲ್ಲಿ ಮೂರೂ ಒಂದೇ ಮನೆಯವು.

ಈ ವ್ಯಾಪಾರದ ಅಡಿಪಾಯ ಸರಳವಾದದ್ದು. ಸರ್ಕಾರವು ಜನವಸತಿಯಿಲ್ಲದ ದ್ವೀಪವೊಂದನ್ನು ಗುತ್ತಿಗೆಗೆ ಕೊಡುತ್ತದೆ, ಗುತ್ತಿಗೆಯ ಅವಧಿ ಈಗ ಸಾಮಾನ್ಯವಾಗಿ 50 ವರ್ಷ, ಮತ್ತು ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬುದು ಅಲ್ಲಿ ಬೇರೂರಿದ ಪದ್ಧತಿ. ಕಟ್ಟಡಗಳು ಮರಗಳ ಎತ್ತರವನ್ನು ಮೀರುವಂತಿಲ್ಲ, ದ್ವೀಪದ ಇಷ್ಟು ಭಾಗಕ್ಕಿಂತ ಹೆಚ್ಚು ಕಟ್ಟುವಂತಿಲ್ಲ ಎಂಬ ನಿಯಮಗಳೂ ಇವೆ. ಮದ್ಯಕ್ಕೆ ಜನವಸತಿಯ ದ್ವೀಪಗಳಲ್ಲಿ ನಿಷೇಧ, ರೆಸಾರ್ಟ್ ದ್ವೀಪಗಳಲ್ಲಿ ಅನುಮತಿ. 2009ರವರೆಗೆ ಪ್ರವಾಸಿಗರನ್ನೂ ಸ್ಥಳೀಯರನ್ನೂ ಬೇರೆ ಬೇರೆ ಇಟ್ಟು ನಡೆದ ದೇಶವಿದು. ಆ ಬಳಿಕವೇ ಜನರಿರುವ ದ್ವೀಪಗಳಲ್ಲಿ ಅತಿಥಿಗೃಹಗಳಿಗೆ ಅವಕಾಶ ಸಿಕ್ಕಿತು. ಒಂದು ದ್ವೀಪ ಒಂದೇ ಕಂಪನಿಯ ಕೈಗೆ ಸಿಕ್ಕಾಗ ಅಲ್ಲಿ ಹೋಟೆಲ್ ನಡೆಸಿದರಷ್ಟೇ ಸಾಲದು, ಒಂದು ಪುಟ್ಟ ಪಟ್ಟಣವನ್ನೇ ನಡೆಸಬೇಕಾಗುತ್ತದೆ. ಕುಡಿಯುವ ನೀರು, ವಿದ್ಯುತ್ತು, ಕೊಳಚೆ ಶುದ್ಧೀಕರಣ, ಬೆಂಕಿ ನಂದಿಸುವ ವ್ಯವಸ್ಥೆ, ಔಷಧೋಪಚಾರ, ನೂರಾರು ನೌಕರರ ವಸತಿ ಮತ್ತು ಊಟ, ದೋಣಿಗಳ ದುರಸ್ತಿ, ಇಷ್ಟೂ ಅದೇ ಕಂಪನಿಯ ಹೊಣೆ.

ನೀರಿನ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಮಳೆ ಕೈಕೊಟ್ಟ ವರ್ಷಗಳನ್ನು ಕಂಡ ಚಿತ್ರದುರ್ಗ, ಜಗಳೂರು ಕಡೆಯ ಜನ ಇದನ್ನು ಬೇರೆಯವರಿಗಿಂತ ಬೇಗ ಗಮನಿಸುತ್ತಾರೆ. ಹವಳದ ದ್ವೀಪದ ನೆಲ ಸಮುದ್ರಮಟ್ಟದಿಂದ ಸರಾಸರಿ ಒಂದೂವರೆ ಮೀಟರ್ ಮಾತ್ರ ಎತ್ತರವಿರುತ್ತದೆ. ಮಳೆಯ ನೀರು ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ಹೆಚ್ಚು ಎಳೆದರೆ ಅದೂ ಉಪ್ಪಾಗುತ್ತದೆ. ಕುರುಂಬಾದ ಮೊದಲ ವರ್ಷಗಳಲ್ಲಿ ಸ್ನಾನಕ್ಕೆ ಸಿಗುತ್ತಿದ್ದದ್ದು ಇಂಥ ಸವಳು ನೀರೇ. ಇಂದು ರೆಸಾರ್ಟ್‌ಗಳು ಸಮುದ್ರದ ನೀರನ್ನು ಭಾರಿ ಒತ್ತಡದಲ್ಲಿ ಪೊರೆಯ ಮೂಲಕ ಹಾಯಿಸಿ ಸಿಹಿ ಮಾಡುತ್ತವೆ. ಇದಕ್ಕೆ ವಿದ್ಯುತ್ತು ಬೇಕು, ವಿದ್ಯುತ್ತಿಗೆ ಬಹುಪಾಲು ಡೀಸೆಲ್ ಬೇಕು, ಡೀಸೆಲ್ ಹಡಗಿನಲ್ಲಿ ಬರಬೇಕು. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ ನೀರು ಇಳಿಯುವಂತೆ ಇಲ್ಲಿಯೂ ಒಂದು ಕೊಂಡಿ ಇನ್ನೊಂದಕ್ಕೆ ಹೆಣೆದುಕೊಂಡಿದೆ. ವ್ಯತ್ಯಾಸವೆಂದರೆ ದುರ್ಗದಲ್ಲಿ ಇಳಿಜಾರು ಮಾಡುವ ಕೆಲಸವನ್ನು ದ್ವೀಪದಲ್ಲಿ ಹಣ ಮಾಡುತ್ತದೆ. ಕೊಠಡಿಯ ನಲ್ಲಿಯಲ್ಲಿ ಬಿಸಿನೀರು ಎಡೆಬಿಡದೆ ಬಂದರೆ ಅದರ ಹಿಂದೆ ಇಷ್ಟು ದೊಡ್ಡ ಏರ್ಪಾಡಿದೆ. ಇದನ್ನು ಅರ್ಧ ಶತಮಾನದಿಂದ ಕಲಿಯುತ್ತ ಬಂದ ಕಂಪನಿಗೂ ನಿನ್ನೆ ಮೊನ್ನೆ ಬಂದ ಕಂಪನಿಗೂ ಇರುವ ಅಂತರ ಕೊಠಡಿಯ ಪೀಠೋಪಕರಣದಲ್ಲಿ ಕಾಣುವುದಿಲ್ಲ. ಸಮುದ್ರ ಒರಟಾಗಿ ಸಾಮಾನಿನ ದೋಣಿ ತಡವಾದ ದಿನವೂ ಬೆಳಗಿನ ತಿಂಡಿಗೆ ಯಾವುದೂ ಕಡಿಮೆಯಾಗದಿರುವುದರಲ್ಲಿ ಅದು ಗೊತ್ತಾಗುತ್ತದೆ. ಮೀನು ಮತ್ತು ತೆಂಗನ್ನು ಬಿಟ್ಟರೆ ಅಕ್ಕಿ, ಬೇಳೆ, ತರಕಾರಿ, ಹಾಲು, ಹಣ್ಣು ಬಹುಪಾಲು ಹೊರದೇಶಗಳಿಂದ ಬರಬೇಕಾದ ನೆಲವಿದು. ಭಾರತದಿಂದಲೂ ಸಾಕಷ್ಟು ಹೋಗುತ್ತದೆ.

ದಾವಣಗೆರೆಯಿಂದ ಹೊರಡುವವರಿಗೆ ಈ ದ್ವೀಪ ಅನುಕೂಲವೆನ್ನಲು ಮೊದಲ ಕಾರಣ ದೂರ. ಬೆಂಗಳೂರಿನಿಂದ ಮಾಲೆಗೆ ನೇರ ವಿಮಾನದಲ್ಲಿ ಎರಡು ಗಂಟೆಯ ಆಸುಪಾಸು. ನಮ್ಮೂರಿನಿಂದ ಬೆಂಗಳೂರು ವಿಮಾನ ನಿಲ್ದಾಣ ಮುಟ್ಟಲು ಹಿಡಿಯುವ ಸಮಯ ಅದಕ್ಕಿಂತ ಹೆಚ್ಚು. ಭಾರತೀಯರಿಗೆ ಅಲ್ಲಿ ಇಳಿದ ಮೇಲೆ ಉಚಿತವಾಗಿ ಪ್ರವಾಸಿ ವೀಸಾ ಸಿಗುತ್ತದೆ, ಆದರೆ ಪ್ರಯಾಣಕ್ಕೆ ಮುಂಚಿನ 96 ಗಂಟೆಗಳೊಳಗೆ ಇಮುಗಾ ಎಂಬ ಸರ್ಕಾರಿ ಜಾಲತಾಣದಲ್ಲಿ ಪ್ರಯಾಣಿಕರ ಘೋಷಣೆಯನ್ನು ತುಂಬಬೇಕು. ಅದು ಉಚಿತ, ಆ ಹೆಸರಿನಲ್ಲಿ ಹಣ ಕೇಳುವ ತಾಣಗಳನ್ನು ನಂಬಬಾರದು. ವೆಲಾನಾ ನಿಲ್ದಾಣದಿಂದ ಹೊರಬಂದರೆ ಎದುರಿಗೇ ಧಕ್ಕೆ, ಅಲ್ಲಿಂದ ಕುರುಂಬಾಕ್ಕೆ ವೇಗದ ದೋಣಿಯಲ್ಲಿ ಹತ್ತು ನಿಮಿಷ. ದೂರದ ಹವಳವೃತ್ತಗಳ ರೆಸಾರ್ಟ್‌ಗಳಿಗೆ ಹೋಗಲು ಸಮುದ್ರ ವಿಮಾನ ಬೇಕು. ಅದು ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತದೆ, ತಲೆಗೆ ನೂರಾರು ಡಾಲರ್ ಆಗುತ್ತದೆ, ಸಂಜೆ ಇಳಿದವರು ಮಾಲೆಯಲ್ಲಿ ಒಂದು ರಾತ್ರಿ ಕಳೆಯಬೇಕಾಗುತ್ತದೆ. ವಯಸ್ಸಾದ ತಂದೆ ತಾಯಿಯರನ್ನು, ಪುಟ್ಟ ಮಕ್ಕಳನ್ನು ಕರೆದೊಯ್ಯುವವರಿಗೆ ಈ ಹತ್ತು ನಿಮಿಷದ ದೋಣಿ ಎಷ್ಟು ದೊಡ್ಡ ನೆಮ್ಮದಿ ಎಂಬುದನ್ನು ಎಷ್ಟು ಹೇಳಿದರೂ ಕಡಿಮೆಯೇ.

ಆದರೆ ಈ ಹತ್ತಿರಕ್ಕೂ ಒಂದು ಬೆಲೆಯಿದೆ. ವಿಮಾನಗಳ ಸದ್ದು ದ್ವೀಪಕ್ಕೆ ಕೇಳುತ್ತದೆ, ಮತ್ತು ಒಂದು ಬದಿಯಲ್ಲಿ ನಿಂತರೆ ಮಾಲೆಯ ಪಕ್ಕದ ಜನವಸತಿಯ ದ್ವೀಪ ಹುಲುಮಾಲೆಯ ಎತ್ತರದ ಕಟ್ಟಡಗಳು ಕಾಣುತ್ತವೆ. ಜಗತ್ತಿನಿಂದ ಪೂರ್ತಿ ಕಡಿದುಕೊಂಡು ನೀಲಿಯೊಂದನ್ನೇ ನೋಡುತ್ತ ಕೂರಬೇಕೆನ್ನುವವರಿಗೆ ಇದು ಸಲ್ಲುವ ದ್ವೀಪವಲ್ಲ. ಅಂಥವರಿಗೆ ಇದೇ ಕಂಪನಿಯ ಮಿಲೈಧೂ ಇದೆ, ಅದಕ್ಕೆ ತಕ್ಕ ದರವೂ ಇದೆ. ಕುರುಂಬಾದಲ್ಲಿ ನೀರಿನ ಮೇಲಿನ ವಿಲ್ಲಾಗಳೂ ಇಲ್ಲ. ಎಲ್ಲ ಕೊಠಡಿಗಳೂ ನೆಲದ ಮೇಲೆಯೇ, ಮರಗಳ ನೆರಳಿನಲ್ಲಿಯೇ ಇವೆ. ಟ್ರಾವೆಲ್ ಕಚೇರಿಯ ಫಲಕದಲ್ಲಿ ಕಾಣುವ ಚಿತ್ರವನ್ನೇ ಬಯಸಿ ಹೋಗುವ ನವದಂಪತಿಗಳಿಗೆ ಇದು ಕೊರತೆಯೆನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಹಳೆಯ ತೆಂಗಿನ ಮರಗಳು, ಹಾದಿಯ ಎರಡೂ ಬದಿಯ ದಟ್ಟ ಹಸಿರು, ಐವತ್ತು ವರ್ಷ ಬೆಳೆದ ಮರಗಳ ಕೆಳಗೆ ಬರಿಗಾಲಿನಲ್ಲಿ ನಡೆಯುವ ಮರಳು, ಇವನ್ನು ಹೊಸದಾಗಿ ಹೂಳು ತುಂಬಿಸಿ ಎಬ್ಬಿಸಿದ ದ್ವೀಪಗಳು ಹಣ ಕೊಟ್ಟು ತರಲಾರವು. ಮಕ್ಕಳಿದ್ದರೆ ನೀರಿನ ಮೇಲಿನ ವಿಲ್ಲಾದ ಕಟಕಟೆಯ ಚಿಂತೆಯೂ ಇರುವುದಿಲ್ಲ. ಕೊಠಡಿ ಆರಿಸುವಾಗ ಅತ್ಯಂತ ಅಗ್ಗದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು, ಕಡಲಂಚಿಗೆ ತೆರೆದುಕೊಳ್ಳುವಂಥದನ್ನು ಆರಿಸಿಕೊಳ್ಳಿ. ಆ ಹೆಚ್ಚುವರಿ ಖರ್ಚು ಸಾರ್ಥಕ.

ಊಟದ ಬಗ್ಗೆ ನಮ್ಮವರು ಮೊದಲು ಕೇಳುವುದೇ ಸಸ್ಯಾಹಾರದ ಪ್ರಶ್ನೆ, ಅದು ನ್ಯಾಯವಾದ ಪ್ರಶ್ನೆಯೂ ಹೌದು. ದ್ವೀಪದಲ್ಲಿ ಹಲವು ಉಪಾಹಾರ ಗೃಹಗಳಿವೆ, ಅವುಗಳಲ್ಲಿ ಮಹಲ್ ಎಂಬುದು ಭಾರತೀಯ ಅಡುಗೆಗೆ ಮೀಸಲು. ಉತ್ತರ ಭಾರತದ ಶೈಲಿಯ ದಾಲ್, ಪನೀರ್, ರೊಟ್ಟಿಗಳ ಅಡುಗೆ ಅಲ್ಲಿಯದು. ನಮ್ಮ ಜೋಳದ ರೊಟ್ಟಿ, ಎಣ್ಣೆಗಾಯಿ ಅಥವಾ ಬೆಣ್ಣೆ ದೋಸೆಯನ್ನು ನಿರೀಕ್ಷಿಸಿ ಹೋಗುವುದು ಬೇಡ. ಆದರೆ ಮೊಟ್ಟೆಯನ್ನೂ ಮುಟ್ಟದವರು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಕಾಯ್ದಿರಿಸುವಾಗಲೇ ಬರೆದು ತಿಳಿಸಿ, ತಲುಪಿದ ದಿನ ಮತ್ತೊಮ್ಮೆ ಅಡುಗೆಮನೆಯವರೊಂದಿಗೆ ನೇರವಾಗಿ ಮಾತಾಡಿದರೆ ತೊಂದರೆಯಾಗದು. ಅಡುಗೆಯವರಲ್ಲೂ ಬಡಿಸುವವರಲ್ಲೂ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಿಂದ ಬಂದವರಿರುವುದರಿಂದ ಹೇಳಿದ್ದು ಅರ್ಥವಾಗುತ್ತದೆ. ಪೂಜೆಗೆಂದು ವಿಗ್ರಹಗಳನ್ನು, ಮದ್ಯವನ್ನು, ಹಂದಿಮಾಂಸದ ಪದಾರ್ಥಗಳನ್ನು ಆ ದೇಶದೊಳಗೆ ಒಯ್ಯುವಂತಿಲ್ಲ ಎಂಬುದನ್ನು ಪೆಟ್ಟಿಗೆ ಕಟ್ಟುವ ಮುನ್ನವೇ ನೆನಪಿಡಬೇಕು.

ಇನ್ನು ಬಿಲ್ಲು. ಅತ್ಯಂತ ಹೆಚ್ಚು ಗೊಂದಲ ಇರುವುದು ಇಲ್ಲಿ, ಆದ್ದರಿಂದ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ರೆಸಾರ್ಟಿನ ದರ ಡಾಲರಿನಲ್ಲಿರುತ್ತದೆ. ಅದರ ಮೇಲೆ ಶೇ. 10 ಸೇವಾಶುಲ್ಕ, ಆ ಮೊತ್ತದ ಮೇಲೆ ಪ್ರವಾಸೋದ್ಯಮದ ಸರಕು ಸೇವಾ ತೆರಿಗೆ. ಈ ತೆರಿಗೆ 2011ರಲ್ಲಿ ಶುರುವಾದಾಗ ಶೇ. 3.5 ಇತ್ತು, 2023ರ ಜನವರಿಯಿಂದ ಶೇ. 16 ಆಯಿತು, 2025ರ ಜುಲೈಯಿಂದ ಶೇ. 17. ಇದಲ್ಲದೆ ಪ್ರತಿ ವ್ಯಕ್ತಿಗೆ ಪ್ರತಿ ರಾತ್ರಿಗೆ ಹಸಿರು ತೆರಿಗೆಯಿದೆ. ರೆಸಾರ್ಟ್‌ಗಳಲ್ಲಿ 6 ಡಾಲರ್ ಇದ್ದದ್ದು 2025ರ ಆರಂಭದಿಂದ 12 ಡಾಲರ್ ಆಗಿದೆ. ಕೊಠಡಿಯ ಮೂಲದರ ರಾತ್ರಿಗೆ 300 ಡಾಲರ್ ಎಂದಿಟ್ಟುಕೊಳ್ಳಿ. ಸೇವಾಶುಲ್ಕ ಸೇರಿ 330, ತೆರಿಗೆ ಸೇರಿ ಸುಮಾರು 386, ದಂಪತಿಗಳಿಬ್ಬರ ಹಸಿರು ತೆರಿಗೆ ಸೇರಿ 410. ಹೇಳಿದ ದರಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಮೇಲೇರಿತು. ನಾಲ್ಕು ರಾತ್ರಿಗೆ ಈ ಅಂತರವೊಂದೇ 440 ಡಾಲರ್. ಊಟ, ದೋಣಿ, ಮುಳುಗು ತರಬೇತಿ, ಮಸಾಜು ಎಲ್ಲಕ್ಕೂ ಸೇವಾಶುಲ್ಕ ಮತ್ತು ತೆರಿಗೆಯ ಇದೇ ಏಣಿ. ನಮಗೆ ಪ್ಯಾಕೇಜು ಮಾಡಿಕೊಟ್ಟ ಏಜೆಂಟರು ಹಸಿರು ತೆರಿಗೆಯ ವಿಷಯವನ್ನೇ ಎತ್ತಿರಲಿಲ್ಲ, ಅದು ಕೊನೆಯ ದಿನದ ಬಿಲ್ಲಿನಲ್ಲಿ ಕಾಣಿಸಿಕೊಂಡಿತು. ಇದರಲ್ಲಿ ರೆಸಾರ್ಟಿನದೇನೂ ತಪ್ಪಿಲ್ಲ, ತೆರಿಗೆ ಆ ದೇಶದ್ದು. ಆದರೆ ದರವನ್ನು ಕಾಗದದ ಮೇಲೆ ಪಡೆಯುವಾಗ ಎಲ್ಲ ತೆರಿಗೆಗಳೂ, ದೋಣಿಯ ಬಾಡಿಗೆಯೂ ಸೇರಿದ ಅಂತಿಮ ಮೊತ್ತವನ್ನೇ ಬರೆಸಿಕೊಳ್ಳಬೇಕೆಂದು ಪ್ರತಿಯೊಬ್ಬರಿಗೂ ಒತ್ತಿ ಹೇಳುತ್ತೇನೆ.

ಊಟದ ಯೋಜನೆಯಲ್ಲಿ ನನ್ನ ಸಲಹೆ ಸ್ಪಷ್ಟ. ದ್ವೀಪದಿಂದ ಹೊರಗೆ ಹೋಗಿ ತಿನ್ನಲು ಬೇರೆ ಅಂಗಡಿಯಿಲ್ಲ, ಒಂದು ಬಾಟಲಿ ನೀರಿಗೂ ಅದೇ ಕಂಪನಿಯ ಬಳಿ ಹೋಗಬೇಕು. ಆದ್ದರಿಂದ ಬೆಳಗಿನ ತಿಂಡಿ ಮಾತ್ರ ಸೇರಿದ ಅಗ್ಗದ ಯೋಜನೆ ಕೊನೆಗೆ ಅಗ್ಗವಾಗಿ ಉಳಿಯುವುದಿಲ್ಲ. ಮದ್ಯ ಮುಟ್ಟದ ಕುಟುಂಬಕ್ಕೆ ಮದ್ಯವೂ ಸೇರಿದ ಸರ್ವಸಮೇತ ಯೋಜನೆ ಬೇಡ, ಮೂರು ಹೊತ್ತಿನ ಊಟ ಸೇರಿದ ಯೋಜನೆ ಸಾಕು. ಆದರೆ ಆ ಯೋಜನೆ ಮುಖ್ಯ ಭೋಜನಶಾಲೆಗೆ ಮಾತ್ರ ಅನ್ವಯಿಸುತ್ತದೆಯೋ ಭಾರತೀಯ ಉಪಾಹಾರ ಗೃಹಕ್ಕೂ ಅನ್ವಯಿಸುತ್ತದೆಯೋ ಎಂಬುದನ್ನು ಮೊದಲೇ ಕೇಳಿ ತಿಳಿಯಿರಿ.

ಕಂಪನಿಯ ಬಗ್ಗೆ ಮೆಚ್ಚುಗೆಯಿಂದಲೇ ಬರೆಯುತ್ತಿದ್ದರೂ ಈ ಇಡೀ ಉದ್ಯಮದ ಮೇಲೆ ನನಗಿರುವ ತಕರಾರುಗಳನ್ನು ಮುಚ್ಚಿಡಲಾರೆ. ಮೊದಲನೆಯದು ಕಸ. ಮಾಲೆಯ ಪಕ್ಕದ ತಿಲಫುಷಿ ದಶಕಗಳ ಕಾಲ ರಾಜಧಾನಿಯ ಮತ್ತು ಸುತ್ತಲ ರೆಸಾರ್ಟ್‌ಗಳ ಕಸವನ್ನು ಸುರಿದ ದ್ವೀಪ. ಅಲ್ಲಿ ಬಯಲಿನಲ್ಲಿ ಸುಡುವುದು ನಿಂತದ್ದು 2021ರಲ್ಲಷ್ಟೇ. ಇಷ್ಟು ಹಣ ಹರಿದ ರೆಸಾರ್ಟ್‌ಗಳ ಪಕ್ಕದಲ್ಲೇ ಹೀಗಾಗಿದ್ದು ಹಳೆಯ ಕಂಪನಿಗಳೆಲ್ಲವೂ ಹೊರಬೇಕಾದ ಹೊಣೆ. ಎರಡನೆಯದು ಹವಳ. 1998 ಮತ್ತು 2016ರಲ್ಲಿ ಸಮುದ್ರದ ನೀರು ಬಿಸಿಯಾಗಿ ಹವಳಗಳು ವ್ಯಾಪಕವಾಗಿ ಬಿಳಿಚಿದವು, ಬಹಳಷ್ಟು ಸತ್ತವು. ದಂಡೆಯಿಂದಲೇ ಈಜಿಹೋಗಿ ನೋಡುವ ಹವಳದ ದಿಬ್ಬದಲ್ಲಿ ಇಂದಿಗೂ ಮೀನುಗಳ ಹಿಂಡುಗಳು, ರೆಕ್ಕೆಯ ತುದಿ ಕಪ್ಪಾದ ಪುಟ್ಟ ಶಾರ್ಕ್‌ಗಳು ಕಾಣುತ್ತವೆ, ಆದರೆ ಹಳೆಯ ಛಾಯಾಚಿತ್ರಗಳ ಬಣ್ಣವನ್ನು ನಿರೀಕ್ಷಿಸಬಾರದು. ಇದಕ್ಕೆ ಮುಖ್ಯ ಕಾರಣ ಜಗತ್ತಿನ ತಾಪ, ಒಂದು ರೆಸಾರ್ಟ್ ಅಲ್ಲ. ಹಾಗಿದ್ದರೂ ಡೀಸೆಲ್ ಸುಟ್ಟು ನೀರು ಸಿಹಿ ಮಾಡುವ ಉದ್ಯಮ ತನ್ನ ಪಾಲನ್ನು ಒಪ್ಪಿಕೊಂಡು ಸೂರ್ಯಶಕ್ತಿಗೆ ಇನ್ನಷ್ಟು ವೇಗವಾಗಿ ಹೊರಳಲೇಬೇಕು.

ಮೂರನೆಯದು ದುಡಿಯುವವರದು, ನನ್ನ ಮನಸ್ಸಿಗೆ ಹತ್ತಿರವಾದದ್ದೂ ಇದೇ. ಕುಟುಂಬವನ್ನು ಊರಿನಲ್ಲಿ ಬಿಟ್ಟು ತಿಂಗಳುಗಟ್ಟಲೆ ದ್ವೀಪದಲ್ಲೇ ಉಳಿದು ದುಡಿಯುವ ಜನರಿಂದ ಈ ಸೇವೆ ನಿಂತಿದೆ. ಬಿಲ್ಲಿನಲ್ಲಿರುವ ಸೇವಾಶುಲ್ಕವನ್ನು ನೌಕರರಿಗೆ ಹಂಚಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ, ಅದು ಒಳ್ಳೆಯ ಕಾನೂನು. ಆದ್ದರಿಂದ ಆ ಶೇ. 10ನ್ನು ನೋಡಿ ಗೊಣಗುವ ಅಗತ್ಯ ನನಗೆ ಕಾಣುವುದಿಲ್ಲ. ಹಳೆಯ ಕಂಪನಿಯ ನಿಜವಾದ ಲಾಭ ಕೂಡ ನೌಕರರಲ್ಲೇ ಕಾಣುತ್ತದೆ. ಬಹಳ ವರ್ಷಗಳಿಂದ ಅಲ್ಲೇ ಇರುವವರ ಕೆಲಸದಲ್ಲಿ ಆತುರವಿರುವುದಿಲ್ಲ, ತೋರಿಕೆಯೂ ಇರುವುದಿಲ್ಲ. ದೋಣಿ ಹತ್ತುವ ಹಿರಿಯರಿಗೆ ಯಾವ ಕಡೆಯಿಂದ ಕೈ ಕೊಡಬೇಕೆಂಬುದು ಅವರಿಗೆ ಹೇಳದೆಯೇ ಗೊತ್ತು.

2024ರ ಆರಂಭದಲ್ಲಿ ಭಾರತ ಮತ್ತು ಮಾಲ್ಡೀವ್ಸ್ ನಡುವೆ ಎದ್ದ ರಾಜಕೀಯ ಮನಸ್ತಾಪದ ನಂತರ ಭಾರತೀಯರ ಸಂಖ್ಯೆ ಕುಸಿಯಿತು. 2023ರಲ್ಲಿ ಅಲ್ಲಿಗೆ ಅತಿ ಹೆಚ್ಚು ಜನ ಹೋಗಿದ್ದು ನಮ್ಮ ದೇಶದಿಂದಲೇ, ಎರಡು ಲಕ್ಷಕ್ಕೂ ಮೇಲೆ. ಮುಂದಿನ ವರ್ಷ ಆ ಸ್ಥಾನ ಉಳಿಯಲಿಲ್ಲ. ಹೋಗಬೇಕೋ ಬೇಡವೋ ಎಂಬುದು ಅವರವರ ನಿರ್ಧಾರ. ದ್ವೀಪದೊಳಗೆ ಭಾರತೀಯರೆಂಬ ಕಾರಣಕ್ಕೆ ನಮಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ ಎಂಬುದನ್ನಷ್ಟೇ ಹೇಳಬಲ್ಲೆ.

ಹೋಗುವ ಕಾಲದ ಬಗ್ಗೆ: ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಒಣ ಹವೆ, ಸಮುದ್ರ ಶಾಂತ, ದರ ಹೆಚ್ಚು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರದಲ್ಲಿ ದರ ತುತ್ತತುದಿಗೇರುತ್ತದೆ, ವಿಶೇಷ ಭೋಜನಕ್ಕೆ ಕಡ್ಡಾಯ ಶುಲ್ಕವನ್ನೂ ಸೇರಿಸುವ ರೂಢಿ ಆ ದೇಶದ ರೆಸಾರ್ಟ್‌ಗಳಲ್ಲಿದೆ. ಮೇಯಿಂದ ಅಕ್ಟೋಬರ್‌ವರೆಗೆ ನಮ್ಮ ಮುಂಗಾರನ್ನೇ ತರುವ ನೈಋತ್ಯ ಮಾರುತ, ಮಳೆ, ಅಲೆ, ಕಡಿಮೆ ದರ. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬರುವುದರಿಂದ ಏಪ್ರಿಲ್ ಎರಡನೆಯ ಅರ್ಧ ದಾವಣಗೆರೆಯ ಕುಟುಂಬಗಳಿಗೆ ಹೆಚ್ಚು ಹೊಂದುತ್ತದೆ. ಆಗ ಕಡಲು ಇನ್ನೂ ತಿಳಿಯಾಗಿರುತ್ತದೆ, ಚಳಿಗಾಲದ ಯುರೋಪಿಯನ್ನರ ದಟ್ಟಣೆ ತಗ್ಗಿರುತ್ತದೆ. ದಸರಾ ರಜೆಗೆ ಹೋಗುವವರು ಒಂದೆರಡು ದಿನ ಮಳೆಯಲ್ಲಿ ಕಳೆದುಹೋಗಬಹುದೆಂಬ ಲೆಕ್ಕ ಇಟ್ಟುಕೊಂಡು ಕಾಯ್ದಿರಿಸಲಿ.